ಹೊಗೆಯ ತಟ್ಟಿಯಿಂದ ಕಡಲುಗಳ್ಳತನಕ್ಕೆ

ಕಡಲುಗಳ್ಳರನ್ನು ಇಂಗ್ಲಿಷಿನಲ್ಲಿ 'ಬಕನೀರ್' ಎನ್ನುವುದುಂಟು. ಈ ಪದದ ಬೇರು ಇರುವುದು ಮಾಂಸ ಒಣಗಿಸುವ ಒಂದು ತಟ್ಟಿಯಲ್ಲಿ. 17ನೇ ಶತಮಾನದಲ್ಲಿ ಕೆರಿಬಿಯನ್ ಕಡಲಿನ ಹಿಸ್ಪಾನಿಯೋಲ ದ್ವೀಪದಲ್ಲಿ ಕಾಡುಪಾಲಾಗಿದ್ದ ದನ, ಹಂದಿಗಳನ್ನು ಬೇಟೆಯಾಡುತ್ತಿದ್ದ ಫ್ರೆಂಚರು, ಅಮೆರಿಕದ ಮೂಲನಿವಾಸಿಗಳಿಂದ ಬಂದ 'ಬೂಕಾನ್' ಕಟ್ಟುತ್ತಿದ್ದರು. ನಾಲ್ಕು ಕವೆಗೋಲು ನೆಟ್ಟು ಮೇಲೆ ಹಸಿಕೋಲುಗಳ ತಟ್ಟಿ ಹಾಸಿದರೆ ಮುಗಿಯಿತು, ಒಣಗೋಲಾದರೆ ಹೊತ್ತಿಕೊಂಡೀತು. ಉಪ್ಪು ಸವರಿದ ಮಾಂಸದ ಸೀಳುಗಳು ಅದರ ಮೇಲೆ, ಕೆಳಗೆ ಮಂದ ಬೆಂಕಿ. ಹೊಗೆ ದಟ್ಟವಾಗಲೆಂದು ಹಂದಿಯ ಚರ್ಮ, ಮೂಳೆಗಳನ್ನೂ ಅದಕ್ಕೆ ಎಸೆಯುತ್ತಿದ್ದರು. ಬಿಸಿಗೆ ನೀರಿನಂಶ ಆರುತ್ತದೆ. ಹೊಗೆಯಲ್ಲಿರುವ ಫೀನಾಲ್‌ಗಳು ಸೂಕ್ಷ್ಮಜೀವಿಗಳನ್ನು ತಡೆಯುತ್ತವೆ, ಕೊಬ್ಬು ಕಮಟಾಗಲು ಬಿಡುವುದಿಲ್ಲ. ದಾರಿಹೋಕ ಹಡಗುಗಳಿಗೆ ಇದೇ ಬುತ್ತಿ. ಈ ಬೇಟೆಗಾರರನ್ನು ಓಡಿಸಲು ಸ್ಪೇನಿನವರು ದನಗಳನ್ನೇ ಕೊಲ್ಲತೊಡಗಿದರು. ಕಸುಬು ಕಳೆದುಕೊಂಡ ಅನೇಕರು ಪಕ್ಕದ ಟೊರ್ಟುಗ ದ್ವೀಪ ಸೇರಿ, ಹಳೆಯ ಹೆಸರಿನಲ್ಲೇ ಸ್ಪೇನಿನ ಹಡಗುಗಳ ಬೇಟೆಗೆ ಇಳಿದರು.