ನೀಲಿ ಪಟ್ಟಿಯ ಪತಂಗಕ್ಕೆ ವಿಷವಿಲ್ಲ

ಇಂಗ್ಲೆಂಡಿನ ಪತಂಗಪ್ರಿಯರು ಒಮ್ಮೆಯಾದರೂ ಕಾಣಬೇಕೆಂದು ಹಂಬಲಿಸುವ ಜೀವಿ ಕ್ಲಿಫ್ಡನ್ ನಾನ್‌ಪರೇಲ್. ಶಾಸ್ತ್ರೀಯ ಹೆಸರು ಕ್ಯಾಟೊಕಾಲ ಫ್ರಾಕ್ಸಿನಿ. ರೆಕ್ಕೆ ಬಿಚ್ಚಿದರೆ ಸುಮಾರು 9 ಸೆಂ.ಮೀ. ಅಗಲ. ಮುಂದಿನ ರೆಕ್ಕೆಗಳು ತೊಗಟೆಯಂತೆ ಬೂದು. ಅವುಗಳಡಿ ಅಡಗಿರುವ ಹಿಂದಿನ ರೆಕ್ಕೆಗಳು ಕಪ್ಪು, ನಡುವೆ ತಿಳಿನೀಲಿ ಪಟ್ಟಿ.

ಇಷ್ಟು ಬಣ್ಣವಿದ್ದರೆ ವಿಷವೂ ಇರಲೇಬೇಕು ಎಂದು ಹಲವರು ನಂಬುತ್ತಾರೆ. ನಮ್ಮ ಎಕ್ಕದ ಗಿಡದಲ್ಲಿ ಬೆಳೆಯುವ ಚಿಟ್ಟೆಯ ವಿಷಯದಲ್ಲಿ ಅದು ನಿಜ. ಅದು ತನ್ನ ಕೇಸರಿ ಬಣ್ಣವನ್ನು ಹಗಲಿನಲ್ಲೇ ಮೆರೆಸುತ್ತದೆ. ಈ ಪತಂಗ ಮಾಡುವುದು ತದ್ವಿರುದ್ಧ. ಹಗಲೆಲ್ಲ ಕಾಂಡಕ್ಕೆ ಅಂಟಿಕೊಂಡು ನೀಲಿಯನ್ನು ಮುಚ್ಚಿಡುತ್ತದೆ. ಹಕ್ಕಿ ಕೊಕ್ಕು ಹಾಕಿದಾಗಷ್ಟೇ ಫಕ್ಕನೆ ತೋರಿಸುತ್ತದೆ. ಹಕ್ಕಿ ಬೆಚ್ಚುವ ಆ ಒಂದು ಕ್ಷಣ ಸಾಕು, ಪತಂಗ ಪಾರಾಗಲು. ಇದೇ ಕುಲದ ರೆಕ್ಕೆಗಳ ಮಾದರಿಗಳನ್ನು ಬ್ಲೂ ಜೇ ಹಕ್ಕಿಗಳ ಮುಂದಿಟ್ಟು ಡೆಬ್ರಾ ಶ್ಲೆನಾಫ್ ನಡೆಸಿದ ಪ್ರಯೋಗ 1985ರಲ್ಲಿ ಪ್ರಕಟವಾಯಿತು. ಅದೇ ವಿನ್ಯಾಸ ಪದೇಪದೇ ಕಂಡಾಗ ಹಕ್ಕಿಗಳು ಬೆಚ್ಚುವುದು ಕಡಿಮೆಯಾಯಿತು. ಹೊಸ ವಿನ್ಯಾಸ ಬಂದಾಗ ಮತ್ತೆ ಬೆಚ್ಚಿದವು. ಒಂದೇ ಕುಲದಲ್ಲಿ ಕೆಂಪು, ಹಳದಿ, ನೀಲಿ, ಅಚ್ಚಗಪ್ಪು ಎಂದು ಇಷ್ಟು ಬಗೆ ಏಕಿವೆ ಎಂಬುದಕ್ಕೆ ಇದೊಂದು ಸೊಗಸಾದ ಸುಳಿವು ಎನಿಸುತ್ತದೆ ನನಗೆ.

ಪತಂಗವೆಂದರೆ ಉಣ್ಣೆಬಟ್ಟೆ ತಿನ್ನುವ ಹುಳು ಎಂಬ ಮಾತೂ ಇದೆ. ಬಟ್ಟೆ ತಿನ್ನುವುದು ಬೇರೊಂದು ಕುಟುಂಬದ ಕೆಲವೇ ಪುಟ್ಟ ಪತಂಗಗಳ ಮರಿಹುಳುಗಳು. ಈ ನೀಲಿ ಪಟ್ಟಿಯ ಪತಂಗ ಬೆಳೆದ ಮೇಲೆ ಹೀರುವುದು ಮರದ ರಸ, ಕೊಳೆತ ಹಣ್ಣಿನ ಸಿಹಿ. ಅದಕ್ಕೇ ಸಕ್ಕರೆ ಬೆರೆಸಿದ ವೈನಿನಲ್ಲಿ ಅದ್ದಿದ ಹಗ್ಗ ನೇತುಹಾಕಿ ಇದನ್ನು ಕರೆಯುತ್ತಾರೆ.

ದೊಡ್ಡ ತಪ್ಪು ಮರದ ವಿಷಯದಲ್ಲಿದೆ. 1758ರಲ್ಲಿ ಜೀವವಿಜ್ಞಾನಿ ಲಿನ್ನೇಯಸ್ ಇದಕ್ಕೆ ಫ್ರಾಕ್ಸಿನಿ ಎಂದು ಆ್ಯಶ್ ಮರದ ಹೆಸರಿಟ್ಟ. ಆದರೆ ಮರಿಹುಳು ಬೆಳೆಯುವುದು ಮುಖ್ಯವಾಗಿ ಆಸ್ಪೆನ್ ಮತ್ತು ಪೋಪ್ಲರ್ ಎಲೆಗಳ ಮೇಲೆ. ಹೆಸರನ್ನು ನಂಬಿ ಆ್ಯಶ್ ಉಳಿಸಿದರೆ ಪತಂಗ ಉಳಿಯದು. 1930ರ ದಶಕದಿಂದ ಇಂಗ್ಲೆಂಡಿನ ಕೆಂಟ್ ಕಾಡುಗಳಲ್ಲಿ ನೆಲೆಸಿದ್ದ ಇದು 1960ರ ದಶಕದಲ್ಲಿ ಅಲ್ಲಿಂದ ಮರೆಯಾಯಿತು. ಆಸ್ಪೆನ್ ಕಡಿದು ಸೂಚಿಪರ್ಣಿ ಮರಗಳನ್ನು ನೆಟ್ಟದ್ದು ಮುಖ್ಯ ಕಾರಣ ಎನ್ನಲಾಗುತ್ತದೆ.

ಹೋದದ್ದು ಹೋಯಿತು ಎಂದುಕೊಂಡವರ ಊಹೆಯೂ ಸುಳ್ಳಾಯಿತು. ಯುರೋಪಿನ ಮುಖ್ಯ ಭೂಭಾಗದಿಂದ ಹಾರಿಬಂದ ಪತಂಗಗಳು ಈ ಶತಮಾನದಲ್ಲಿ ದಕ್ಷಿಣ ಇಂಗ್ಲೆಂಡಿನಲ್ಲಿ ಮತ್ತೆ ಸಂತಾನ ಬೆಳೆಸುತ್ತಿವೆ. ಶರತ್ಕಾಲದಲ್ಲಿ ತೊಗಟೆಯ ಮೇಲಿಟ್ಟ ಮೊಟ್ಟೆಗಳು ಚಳಿಗಾಲ ಕಳೆದು ವಸಂತದಲ್ಲಿ ಒಡೆಯುತ್ತವೆ. ಎಲೆ ಉದುರಿ ಬೋಳಾದ ಆಸ್ಪೆನ್ ಮರವನ್ನು ಚಳಿಗಾಲದಲ್ಲಿ ಕಡಿದರೆ ಮುಂದಿನ ವರ್ಷದ ಪೀಳಿಗೆಯೂ ಅದರೊಂದಿಗೇ ಹೋಗುತ್ತದೆ.