ವಿಮಾನಯಾನಕ್ಕೆ ಎಂತಹ ಹೆಡ್‌ಫೋನ್ ಕೊಳ್ಳಬೇಕು?

ಹೊರನಾಡಿನಲ್ಲಿ ನೆಲೆಸಿರುವ ಕನ್ನಡಿಗರ ಪಾಲಿಗೆ ವಿಮಾನಯಾನವು ಈಗ ಅಪರೂಪದ ಸಂಗತಿಯಾಗಿ ಉಳಿದಿಲ್ಲ. ಮದುವೆ, ಮುಂಜಿ, ಜಾತ್ರೆ, ನೇಮಗಳ ನೆವದಲ್ಲಿ ಮುಂಬಯಿಯಿಂದ ಮಂಗಳೂರಿಗೂ ದೆಹಲಿಯಿಂದ ಬೆಂಗಳೂರಿಗೂ ಹಾರಿ ಬರುವವರು ಪ್ರತಿ ಬಡಾವಣೆಯಲ್ಲೂ ಇದ್ದಾರೆ. ಮಗಳ ಬಾಣಂತನಕ್ಕೆಂದು ಉಪ್ಪಿನಕಾಯಿ, ಚಟ್ನಿಪುಡಿಗಳ ಗಂಟಿನೊಡನೆ ಅಮೆರಿಕದ ವಿಮಾನ ಹತ್ತುವ ಹಿರಿಯರ ಸಂಖ್ಯೆಯೂ ಕಡಿಮೆಯೇನಲ್ಲ. ಇಂತಹ ಪಯಣದ ಸಿದ್ಧತೆಯಲ್ಲಿ ಇತ್ತೀಚೆಗೆ ಸೇರಿಕೊಂಡಿರುವ ಪ್ರಶ್ನೆಯೆಂದರೆ, ವಿಮಾನದಲ್ಲಿ ಹಾಡು ಕೇಳಲು, ಸಿನಿಮಾ ನೋಡಲು ಯಾವ ಹೆಡ್‌ಫೋನ್ ಒಳ್ಳೆಯದು, ಅದಕ್ಕೆ ಎಷ್ಟು ಹಣ ಸುರಿಯಬೇಕು ಎಂಬುದು.

ಅಂಗಡಿಯಲ್ಲಿ ಈ ಪ್ರಶ್ನೆ ಕೇಳಿದರೆ ಬೇಸ್ ಎಷ್ಟು ಗುಂಯ್‌ಗುಡುತ್ತದೆ, ಧ್ವನಿ ಎಷ್ಟು ಜೋರಾಗಿ ಬರುತ್ತದೆ ಎಂಬುದರಿಂದ ಉತ್ತರ ಆರಂಭವಾಗುತ್ತದೆ. ನಮ್ಮ ಅಭಿಪ್ರಾಯದಲ್ಲಿ ವಿಚಾರ ಆರಂಭವಾಗಬೇಕಾದದ್ದು ಇನ್ನೊಂದು ತುದಿಯಿಂದ. ಹೊರಗಿನ ಮೊರೆತವನ್ನು ಅದು ಎಷ್ಟರಮಟ್ಟಿಗೆ ತಡೆಯುತ್ತದೆ ಎಂಬುದನ್ನು ಮೊದಲು ನೋಡಬೇಕು. ಧ್ವನಿಯ ಸೊಗಸು ಆಮೇಲಿನ ಮಾತು. ಇದಕ್ಕೆ ಕಾರಣ ನಮ್ಮ ಕಿವಿಗಳ ಆರೋಗ್ಯದಲ್ಲಿದೆ.

ಆಗಸದಲ್ಲಿ ಸಮವೇಗದಿಂದ ಸಾಗುತ್ತಿರುವ ಜೆಟ್ ವಿಮಾನದ ಒಳಗಿನ ಸದ್ದು ಸಾಮಾನ್ಯವಾಗಿ 80ರಿಂದ 85 ಡೆಸಿಬೆಲ್‌ಗಳ ಆಸುಪಾಸಿನಲ್ಲಿರುತ್ತದೆ. ಮನೆಯಲ್ಲಿ ಇಬ್ಬರು ಕುಳಿತು ಮಾತನಾಡುವ ಸದ್ದು ಸುಮಾರು 60 ಡೆಸಿಬೆಲ್. ಈ ಮೊರೆತ ಎಂಜಿನಿನದು ಮಾತ್ರವಲ್ಲ. ವಿಮಾನದ ಮೈಗೆ ಉಜ್ಜಿಕೊಂಡು ಹರಿಯುವ ಗಾಳಿಯದೂ ಅದರಲ್ಲಿ ದೊಡ್ಡ ಪಾಲು. ರೆಕ್ಕೆಗಳಿಗೆ ಮುಂದಿನ ಆಸನಗಳಲ್ಲಿ ಎಂಜಿನಿನ ಸದ್ದು ತುಸು ಕಡಿಮೆ, ಹಿಂದಿನ ಸಾಲುಗಳಲ್ಲಿ ಹೆಚ್ಚು. ಸಣ್ಣ ಊರುಗಳಿಗೆ ಹಾರುವ, ಪಂಖಗಳುಳ್ಳ ಎಟಿಆರ್ ವಿಮಾನಗಳಲ್ಲಿ ಪಂಖದ ಪಕ್ಕದ ಸಾಲಿನಲ್ಲಿ ಕುಳಿತವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಈ ಮೊರೆತದ ನಡುವೆ ಸಾಧಾರಣ ಹೆಡ್‌ಫೋನ್ ಧರಿಸಿ ಭೀಮಸೇನ ಜೋಶಿಯವರ ಖಯಾಲನ್ನೋ ಯಕ್ಷಗಾನದ ಪ್ರಸಂಗವನ್ನೋ ಕೇಳಲು ಹೊರಟರೆ ಏನಾಗುತ್ತದೆ? ಚೆಂಡೆಯ ಪೆಟ್ಟು ಕೇಳಿಸೀತು. ಆದರೆ ತಂಬೂರಿಯ ನಾದ, ಮಂದ್ರದ ಆಲಾಪ, ಅರ್ಥಧಾರಿಯ ತಗ್ಗಿದ ದನಿ ಇವೆಲ್ಲವೂ ಮುಳುಗಿಹೋಗುತ್ತವೆ. ಕೈ ತಾನಾಗಿ ಧ್ವನಿ ಹೆಚ್ಚಿಸುವ ಗುಂಡಿಗೆ ಹೋಗುತ್ತದೆ. ಹೊರಗಿನ ಸದ್ದನ್ನು ಮೀರಿಸಬೇಕಾದರೆ ಅದಕ್ಕಿಂತ ಐದಾರು ಡೆಸಿಬೆಲ್ ಮೇಲಕ್ಕೆ ಹೋಗಲೇಬೇಕು; ಅಂದರೆ 89, 90.

ಇಲ್ಲಿ ಒಂದು ಲೆಕ್ಕವಿದೆ. ವಿಶ್ವ ಆರೋಗ್ಯ ಸಂಸ್ಥೆಯೂ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವೂ ಸೇರಿ 2019ರಲ್ಲಿ ಪ್ರಕಟಿಸಿದ ಮಾನದಂಡದಂತೆ, ವಯಸ್ಕರು 80 ಡೆಸಿಬೆಲ್ ಮಟ್ಟದ ಧ್ವನಿಯನ್ನು ವಾರಕ್ಕೆ 40 ತಾಸು ಕೇಳಬಹುದು. ಮಕ್ಕಳಿಗೆ ಈ ಮಟ್ಟವನ್ನು 75ಕ್ಕೆ ಇಳಿಸಲಾಗಿದೆ. ಡೆಸಿಬೆಲ್ಲಿನ ಲೆಕ್ಕ ನಮ್ಮ ಕೂಡಿಸು-ಕಳೆ ಲೆಕ್ಕದಂತಲ್ಲ. ಪ್ರತಿ 3 ಡೆಸಿಬೆಲ್ ಏರಿದಾಗಲೂ ಧ್ವನಿಯ ಶಕ್ತಿ ಇಮ್ಮಡಿಯಾಗಿ, ಕೇಳಬಹುದಾದ ಅವಧಿ ಅರ್ಧಕ್ಕೆ ಇಳಿಯುತ್ತದೆ. 83ರಲ್ಲಿ 20 ತಾಸು, 86ರಲ್ಲಿ 10, 89ರಲ್ಲಿ ಬರಿಯ 5 ತಾಸು. ಭಾರತದಿಂದ ಅಮೆರಿಕಕ್ಕೆ ನಿಲುಗಡೆಯಿಲ್ಲದೆ ಹಾರುವ ಹದಿನೈದು ತಾಸಿನ ಪಯಣದುದ್ದಕ್ಕೂ ಹೀಗೆ ಕೇಳಿದರೆ ಮೂರು ವಾರಗಳ ಪಾಲನ್ನು ಒಂದೇ ರಾತ್ರಿಯಲ್ಲಿ ಉಂಡಂತೆ. ಒಂದು ಪಯಣದಿಂದ ಯಾರೂ ಕಿವುಡರಾಗುವುದಿಲ್ಲ, ನಿಜ. ಆದರೆ ಇದೇ ಕಿವಿಗಳು ದಿನವೂ ಲೋಕಲ್ ರೈಲಿನ ಗದ್ದಲದಲ್ಲಿ ಇದೇ ಕೆಲಸ ಮಾಡುತ್ತಿರುತ್ತವೆ. ಕಿವಿಯೊಳಗಿನ ಸೂಕ್ಷ್ಮ ರೋಮಕೋಶಗಳು ಒಮ್ಮೆ ನಶಿಸಿದರೆ ಮತ್ತೆ ಹುಟ್ಟುವುದಿಲ್ಲ.

ಹೊರಗಿನ ಸದ್ದನ್ನು 20 ಡೆಸಿಬೆಲ್ ತಗ್ಗಿಸುವ ಸಾಧನ ನಮ್ಮಲ್ಲಿದ್ದರೆ ಚಿತ್ರವೇ ಬದಲಾಗುತ್ತದೆ. 82ರ ಮೊರೆತ 62ಕ್ಕೆ ಇಳಿಯುತ್ತದೆ. 70 ಡೆಸಿಬೆಲ್ಲಿನಲ್ಲಿ ತಂಬೂರಿಯ ನಾದವೂ ಕೇಳಿಸುತ್ತದೆ. ನಾವು ಹಣ ತೆರಬೇಕಾದದ್ದು ಈ ಇಪ್ಪತ್ತು ಡೆಸಿಬೆಲ್ಲಿಗೆ.

ಹೀಗೆ ತಗ್ಗಿಸಲು ಎರಡು ಮಾರ್ಗಗಳಿವೆ. ಮೊದಲನೆಯದು ಅಜ್ಜಿಯ ಕಾಲದ ಉಪಾಯ, ಕಿವಿಗೆ ಹತ್ತಿ ತುರುಕಿದಂತೆ. ಕಿವಿಯೊಳಗೆ ಬಿಗಿಯಾಗಿ ಕೂರುವ ಸಿಲಿಕೋನ್ ಅಥವಾ ಸ್ಪಂಜಿನ ಬಿರಡೆಯುಳ್ಳ ಇಯರ್‌ಫೋನ್ ಈ ಜಾತಿಯದು. ಎರಡನೆಯದು ಆಕ್ಟಿವ್ ನಾಯ್ಸ್ ಕ್ಯಾನ್ಸಲೇಷನ್, ಪೇಟೆಯ ಭಾಷೆಯಲ್ಲಿ ಎಎನ್‌ಸಿ. ಇದರಲ್ಲಿ ಪುಟ್ಟ ಮೈಕು ಹೊರಗಿನ ಸದ್ದನ್ನು ಆಲಿಸುತ್ತದೆ. ಒಳಗಿನ ಮಂಡಲವು ಅದಕ್ಕೆ ತದ್ವಿರುದ್ಧವಾದ ಅಲೆಯನ್ನು ಹುಟ್ಟಿಸುತ್ತದೆ. ಒಂದು ಅಲೆ ಏರುವಲ್ಲಿ ಇನ್ನೊಂದು ಇಳಿಯುವುದರಿಂದ ಎರಡೂ ಕೂಡಿ ಬಹುಮಟ್ಟಿಗೆ ಇಲ್ಲವಾಗುತ್ತವೆ.

ಈ ತತ್ತ್ವಕ್ಕೆ ಜರ್ಮನಿಯ ಪೌಲ್ ಲ್ಯೂಗ್ ಎಂಬಾತ 1936ರಷ್ಟು ಹಿಂದೆಯೇ ಅಮೆರಿಕದಲ್ಲಿ ಪೇಟೆಂಟ್ ಪಡೆದಿದ್ದ. ಆದರೆ ಅದು ಪಯಣಿಗರ ಕಿವಿಗೆ ಬಂದ ಕಥೆಯಲ್ಲಿ ನಮ್ಮ ದೇಶದ ನಂಟೂ ಇದೆ. ಅಮರ್ ಬೋಸ್ ಅವರ ತಂದೆ ಬಂಗಾಳದಿಂದ ಅಮೆರಿಕಕ್ಕೆ ಹೋಗಿ ನೆಲೆಸಿದವರು. ಎಂಐಟಿಯಲ್ಲಿ ಪ್ರಾಧ್ಯಾಪಕರಾಗಿದ್ದ ಅಮರ್ ಬೋಸ್ 1978ರಲ್ಲಿ ಜ್ಯೂರಿಕ್‌ನಿಂದ ಬಾಸ್ಟನ್‌ಗೆ ಹಾರುತ್ತಿದ್ದಾಗ ವಿಮಾನದಲ್ಲಿ ಕೊಟ್ಟ ಹೆಡ್‌ಫೋನ್ ಧರಿಸಿದರು. ಮೊರೆತದಲ್ಲಿ ಸಂಗೀತ ಕೇಳಿಸದೆ ಬೇಸತ್ತು, ಆ ಪಯಣದಲ್ಲೇ ಕಾಗದ ತೆಗೆದು ಗಣಿತ ಹಾಕತೊಡಗಿದರಂತೆ. 1986ರಲ್ಲಿ ಎಲ್ಲೂ ಇಳಿಯದೆ, ನಡುವೆ ಇಂಧನ ತುಂಬದೆ ಭೂಮಿಯನ್ನು ಸುತ್ತಿದ ವಾಯೇಜರ್ ವಿಮಾನದ ಚಾಲಕರಿಬ್ಬರು ಅವರ ಸಂಸ್ಥೆಯ ಪ್ರಾಯೋಗಿಕ ಸಾಧನವನ್ನು ಧರಿಸಿದ್ದರು. 1989ರಲ್ಲಿ ವಿಮಾನ ಚಾಲಕರಿಗೆಂದೂ 2000ದಲ್ಲಿ ಪಯಣಿಗರಿಗೆಂದೂ ಅದು ಮಾರಾಟಕ್ಕೆ ಬಂತು. ಅಂದು ಶ್ರೀಮಂತರ ವಸ್ತುವಾಗಿದ್ದ ಈ ಸೌಲಭ್ಯ ಇಂದು ಎರಡು-ಮೂರು ಸಾವಿರ ರೂಪಾಯಿಗಳಿಗೆ ಇಳಿದಿದೆ.

ಎಎನ್‌ಸಿಯ ಮಿತಿಯನ್ನೂ ಅರಿತಿರಬೇಕು. ಒಂದೇ ಸಮನೆ ಬರುವ, ತಗ್ಗು ಶ್ರುತಿಯ ಗುಂಯ್‌ಕಾರವನ್ನು ಅದು ಚೆನ್ನಾಗಿ ಅಡಗಿಸುತ್ತದೆ. ವಿಮಾನದ ಮೊರೆತ ಬಹುಪಾಲು ಅಂತಹುದೇ ಆದುದು ನಮ್ಮ ಪುಣ್ಯ. ಆದರೆ ಹಿಂದಿನ ಸಾಲಿನ ಮಗುವಿನ ಅಳು, ಪಕ್ಕದವರ ಹರಟೆ ಇಂತಹ ಏರುದನಿಗಳ ಮುಂದೆ ಅದರ ಆಟ ಹೆಚ್ಚು ನಡೆಯುವುದಿಲ್ಲ. ಅವನ್ನು ತಡೆಯುವುದು ಕಿವಿಯನ್ನು ಮುಚ್ಚುವ ಬಿರಡೆ ಅಥವಾ ಮೆತ್ತೆ. ಆದ್ದರಿಂದಲೇ ಬಿರಡೆಯಿಲ್ಲದೆ ಕಿವಿಯ ಅಂಚಿನಲ್ಲಿ ತೂಗುವ ಮಾದರಿಯ ಇಯರ್‌ಬಡ್‌ಗಳನ್ನು, ಅವು ಎಷ್ಟೇ ಚೆಂದವಿದ್ದರೂ, ವಿಮಾನಕ್ಕೆಂದು ಕೊಳ್ಳಬಾರದು ಎನ್ನುತ್ತೇವೆ.

ಇನ್ನು ಪೇಟೆಯ ಧಾರಣೆಯ ಮಾತು. ವರ್ಷಕ್ಕೆ ಎರಡು-ಮೂರು ಬಾರಿ, ಎರಡು ತಾಸಿನೊಳಗಿನ ಪಯಣ ಮಾಡುವವರಿಗೆ 500ರಿಂದ 1,000 ರೂಪಾಯಿ ಬೆಲೆಯ, ತಂತಿಯುಳ್ಳ ಬಿರಡೆ ಇಯರ್‌ಫೋನ್ ಧಾರಾಳವಾಗಿ ಸಾಕು. ಗಾಯಕರು ವೇದಿಕೆಯ ಮೇಲೆ ಧರಿಸುವ ಮಾದರಿಯವು, ತಂತಿಯನ್ನು ಕಿವಿಯ ಹಿಂದಿನಿಂದ ಬಳಸಿ ತರುವಂಥವು, ಸಾವಿರದ ಮೇಲೆ ತುಸು ಕೊಟ್ಟರೆ ಸಿಗುತ್ತವೆ. ಅವುಗಳ ತಡೆ ಇನ್ನೂ ಚೆನ್ನ. ಇದರೊಡನೆ ಹಿಂಡಿದರೆ ಕುಗ್ಗಿ ಮತ್ತೆ ಅರಳುವ ಸ್ಪಂಜಿನ ಬಿರಡೆಗಳನ್ನು ಬೇರೆಯಾಗಿ ಕೊಂಡು ತೊಡಿಸಿದರೆ, ಇಷ್ಟು ಕಡಿಮೆ ಹಣದಲ್ಲಿ ಇಷ್ಟು ಮೌನ ಬೇರೆಲ್ಲೂ ದೊರೆಯದು. ಚಾರ್ಜಿನ ಗೊಡವೆ ಇಲ್ಲ, ಆಸನದ ಸಂದಿಯಲ್ಲಿ ಬಿದ್ದು ಕಳೆಯುವ ಭಯವಿಲ್ಲ. ಫೋನಿನಲ್ಲಿ ದುಂಡನೆಯ ತೂತು ಇಲ್ಲದಿದ್ದರೆ ಟೈಪ್-ಸಿ ಪಿನ್ನಿನದನ್ನೇ ಕೇಳಿ ಕೊಳ್ಳಬೇಕು.

ಎಎನ್‌ಸಿ ಇಯರ್‌ಬಡ್‌ಗಳು ಸುಮಾರು 2,000ದಿಂದ 3,500ರ ನಡುವೆ ತಕ್ಕಮಟ್ಟಿಗೆ ಕೆಲಸ ಮಾಡುವಂಥವು ಸಿಗುತ್ತವೆ. ಆದರೆ ಎಎನ್‌ಸಿ ಹಾಕಿದಾಗ ಒಂದು ಬಾರಿಯ ಚಾರ್ಜು ಐದಾರು ತಾಸಿಗೆ ಮುಗಿಯುತ್ತದೆ. ಅದರ ಕಡಲೆಕಾಳಿನಷ್ಟು ಬ್ಯಾಟರಿ ಎರಡು-ಮೂರು ವರ್ಷಗಳಲ್ಲಿ ಸೊರಗುತ್ತದೆ, ಬದಲಿಸಲೂ ಬಾರದು. ಆದ್ದರಿಂದ ವಿದೇಶಕ್ಕೆ ಹಾರುವವರಿಗೆ ಕಿವಿಯನ್ನು ಪೂರ್ತಿ ಮುಚ್ಚುವ ಎಎನ್‌ಸಿ ಹೆಡ್‌ಫೋನನ್ನು ಸೂಚಿಸುತ್ತೇವೆ. 4,000ದಿಂದ 8,000 ರೂಪಾಯಿಗಳ ಮಾದರಿಗಳು ಒಂದು ಚಾರ್ಜಿಗೆ ಮೂವತ್ತು ತಾಸಿಗೂ ಮಿಕ್ಕಿ ನಡೆಯುತ್ತವೆ. ಸೋನಿ, ಬೋಸ್ ಮುಂತಾದ ಸಂಸ್ಥೆಗಳ ಮೇಲ್ದರ್ಜೆಯ ಮಾದರಿಗಳಿಗೆ ಇಪ್ಪತ್ತು ಸಾವಿರ ದಾಟುತ್ತದೆ. ಅವು ಶ್ರೇಷ್ಠವೆಂಬುದರಲ್ಲಿ ಸಂದೇಹವಿಲ್ಲ. ಆದರೆ ನಾಲ್ಕು ಪಟ್ಟು ಹಣಕ್ಕೆ ನಾಲ್ಕು ಪಟ್ಟು ಮೌನ ಬರುವುದಿಲ್ಲ. ತಿಂಗಳಿಗೆರಡು ಬಾರಿ ಕಚೇರಿಯ ಕೆಲಸಕ್ಕೆ ಹಾರುವವರು ಅವನ್ನು ಕೊಳ್ಳಲಿ. ವರ್ಷಕ್ಕೊಮ್ಮೆ ಮೊಮ್ಮಗುವನ್ನು ನೋಡಲು ಹೋಗುವವರು ಆ ಹಣದಲ್ಲಿ ಮಗುವಿಗೆ ಬಂಗಾರದ ಉಂಗುರ ಒಯ್ಯುವುದೇ ಲೇಸು.

ಡಬ್ಬಿಯ ಮೇಲಿನ ಬರಹವನ್ನು ಓದುವಾಗ ಎಚ್ಚರವಿರಲಿ. ಅಗ್ಗದ ಇಯರ್‌ಬಡ್‌ಗಳ ಮೇಲೆ ದಪ್ಪಕ್ಷರದಲ್ಲಿ ಇಎನ್‌ಸಿ ಎಂದು ಮುದ್ರಿಸಿರುತ್ತಾರೆ. ಎಎನ್‌ಸಿಯೇ ಬೇರೆ, ಇಎನ್‌ಸಿಯೇ ಬೇರೆ. ಇಎನ್‌ಸಿ ಎಂಬುದು ನಾವು ಫೋನಿನಲ್ಲಿ ಮಾತನಾಡುವಾಗ ನಮ್ಮ ಸುತ್ತಲಿನ ಗದ್ದಲ ಅತ್ತ ಕಡೆಯವರಿಗೆ ಕೇಳಿಸದಂತೆ ಮಾಡುವ ಏರ್ಪಾಡು. ಅದರಿಂದ ಉಪಕಾರ ಅವರಿಗೆ. ವಿಮಾನದಲ್ಲಿ ಕುಳಿತ ನಮ್ಮ ಕಿವಿಗೆ ಏನೂ ಇಲ್ಲ. ಈ ಒಂದಕ್ಷರದ ಅಂತರ ತಿಳಿಯದೆ ಹಣ ತೆತ್ತವರು ಬಹಳ. ಹಾಗೆಯೇ 35 ಡೆಸಿಬೆಲ್ ವರೆಗೆ, 45 ಡೆಸಿಬೆಲ್ ವರೆಗೆ ಎಂಬ ಘೋಷಣೆಗಳಲ್ಲಿ ಕಣ್ಣಿಡಬೇಕಾದದ್ದು 'ವರೆಗೆ' ಎಂಬ ಪದದ ಮೇಲೆ. ಅದು ಯಾವುದೋ ಒಂದು ಶ್ರುತಿಯಲ್ಲಿ ದೊರೆತ ಗರಿಷ್ಠ ಅಂಕೆ. ಎಲ್ಲ ಸದ್ದೂ ಅಷ್ಟು ತಗ್ಗುತ್ತದೆ ಎಂದಲ್ಲ. ಎಂಆರ್‌ಪಿಯನ್ನು ಹೊಡೆದು ಹಾಕಿ ತೋರಿಸುವ ಮುಕ್ಕಾಲು ಪಾಲಿನ ರಿಯಾಯತಿಯನ್ನಂತೂ ಲೆಕ್ಕಕ್ಕೇ ತೆಗೆದುಕೊಳ್ಳಬೇಡಿ.

ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆ, ಚೆನ್ನೈಯ ರಿಚಿ ಸ್ಟ್ರೀಟ್, ದೆಹಲಿಯ ನೆಹರು ಪ್ಲೇಸ್ ಮೊದಲಾದ ಕಡೆ ಅಂಗಡಿಗೇ ಹೋಗಿ ಕೊಳ್ಳುವುದರಲ್ಲಿ ಒಂದು ಅನುಕೂಲವಿದೆ, ಧರಿಸಿ ನೋಡಬಹುದು. ಎಎನ್‌ಸಿಯನ್ನು ಪರೀಕ್ಷಿಸಲು ಹಾಡು ಹಾಕಬೇಡಿ. ಹಾಡಿಲ್ಲದೆ ಧರಿಸಿ, ಏಸಿ ಯಂತ್ರದ ಅಥವಾ ಜೋರಾಗಿ ತಿರುಗುವ ಫ್ಯಾನಿನ ಹತ್ತಿರ ನಿಂತು, ಗುಂಡಿಯನ್ನು ಒತ್ತಿ, ಬಿಟ್ಟು ಹೋಲಿಸಿ. ಫ್ಯಾನಿನ ಸದ್ದು ಥಟ್ಟನೆ ದೂರ ಸರಿದಂತಾದರೆ ವಿಮಾನದಲ್ಲೂ ಕೆಲಸ ಮಾಡೀತು. ಬಿರಡೆಯದಾದರೆ ಡಬ್ಬಿಯಲ್ಲಿ ಬರುವ ಮೂರು ಅಳತೆಗಳನ್ನೂ ಹಾಕಿ ನೋಡಬೇಕು. ನಡುವಿನ ಅಳತೆಯನ್ನೇ ಜೀವನವಿಡೀ ಧರಿಸುವವರು ಹಲವರು. ಎರಡು ಕಿವಿಗೆ ಎರಡು ಅಳತೆ ಬೇಕಾಗುವುದೂ ಉಂಟು. ದೊಡ್ಡ ಹೆಡ್‌ಫೋನನ್ನು ಕನ್ನಡಕ ಹಾಕಿಕೊಂಡೇ ಧರಿಸಿ ಹತ್ತು ನಿಮಿಷ ಕುಳಿತಿರಿ. ಆಗಲೇ ಕೆನ್ನೆಲುಬು ನೋಯತೊಡಗಿದರೆ ಹದಿನೈದು ತಾಸಿನ ಗತಿಯೇನು?

ನಮ್ಮ ದೇಶದೊಳಗಿನ ಬಹುಪಾಲು ವಿಮಾನಗಳಲ್ಲಿ ಆಸನದೆದುರು ಪರದೆ ಇರುವುದಿಲ್ಲವಾದ್ದರಿಂದ ಫೋನಿಗೆ ಹೊಂದುವುದೇ ಮುಖ್ಯ. ವಿದೇಶದ ವಿಮಾನಗಳ ಪರದೆಗೆ ಸಾಮಾನ್ಯವಾಗಿ ತಂತಿ ಬೇಕು; ಹಳೆಯ ವಿಮಾನಗಳಲ್ಲಿ ಎರಡು ತೂತಿನ ಏರ್ಪಾಡು ಇನ್ನೂ ಕಾಣಸಿಗುತ್ತದೆ, ಅದಕ್ಕೆ ನೂರಿನ್ನೂರು ರೂಪಾಯಿಗಳ ಜೋಡುಪಿನ್ ಸಿಗುತ್ತದೆ. ಬ್ಲೂಟೂತ್ ಹೆಡ್‌ಫೋನ್ ಕೊಳ್ಳುವವರು ಅದರಲ್ಲಿ ತಂತಿಯನ್ನೂ ಚುಚ್ಚಲು ಸಾಧ್ಯವೇ ಎಂದು ನೋಡಿಯೇ ಹಣ ಕೊಡಬೇಕು. ಫೋನನ್ನು ಫ್ಲೈಟ್ ಮೋಡಿಗೆ ಹಾಕಿದ ಮೇಲೂ ಬ್ಲೂಟೂತನ್ನು ಪ್ರತ್ಯೇಕವಾಗಿ ಚಾಲೂ ಮಾಡಿಕೊಳ್ಳಬಹುದು. ಆದರೂ ಸಿಬ್ಬಂದಿಯ ಸೂಚನೆಯೇ ಅಂತಿಮ. ಪವರ್ ಬ್ಯಾಂಕನ್ನು ಚೆಕ್-ಇನ್ ಸಾಮಾನಿನಲ್ಲಿ ಇಡುವಂತಿಲ್ಲ. ಅದನ್ನು ವಿಮಾನದೊಳಗೆ ಬಳಸುವುದನ್ನೂ ಈಚೆಗೆ ಅನೇಕ ಸಂಸ್ಥೆಗಳು ನಿರ್ಬಂಧಿಸಿರುವುದರಿಂದ ಮನೆಯಲ್ಲೇ ಪೂರ್ತಿ ಚಾರ್ಜು ಮಾಡಿಕೊಂಡು ಹೊರಡುವುದು ಕ್ಷೇಮ. ಇಯರ್‌ಬಡ್ ಆಸನದ ಸಂದಿಗೆ ಬಿದ್ದರೆ ಆಸನವನ್ನು ಹಿಂದೆಮುಂದೆ ಮಾಡಿ ಹುಡುಕಬಾರದು, ಬ್ಯಾಟರಿ ಜಜ್ಜಿಹೋದರೆ ಬೆಂಕಿ ಹೊತ್ತೀತು. ಗಗನಸಖಿಯರನ್ನು ಕರೆಯಬೇಕು.

ಹಿರಿಯರ ವಿಷಯದಲ್ಲಿ ಇನ್ನೆರಡು ಮಾತು. ಶ್ರವಣಯಂತ್ರ ಧರಿಸುವವರಿಗೆ ಕಿವಿಯೊಳಗಿನ ಬಿರಡೆ ಹೊಂದುವುದಿಲ್ಲ. ಯಂತ್ರದ ಮೇಲೆಯೇ ಧರಿಸಬಹುದಾದ ಅಗಲವಾದ ಮೆತ್ತೆಯ ಹೆಡ್‌ಫೋನ್ ಬೇಕು, ಯಂತ್ರ ಸಿಳ್ಳೆ ಹಾಕುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಬೇಕು. ವಿಮಾನ ಇಳಿಯತೊಡಗಿದಾಗ ಗಾಳಿಯ ಒತ್ತಡ ಬದಲಾಗಿ ಕಿವಿ ಗುಯ್‌ಗುಡುವುದು ಎಲ್ಲರಿಗೂ ಗೊತ್ತು. ಆ ಹೊತ್ತಿನಲ್ಲಿ ಬಿಗಿಯಾದ ಬಿರಡೆಯನ್ನು ನಿಧಾನವಾಗಿ ಸಡಿಲಿಸಿ ತೆಗೆದು, ಬಾಯಿಗೊಂದು ಪೆಪ್ಪರ್‌ಮಿಂಟ್ ಹಾಕಿಕೊಂಡು ಉಗುಳು ನುಂಗುತ್ತಿದ್ದರೆ ನೋವು ಕಡಿಮೆ. ನೆಗಡಿಯಾದವರಿಗೆ ಇದು ಇನ್ನೂ ಮುಖ್ಯ.

ಸಂಗೀತವೂ ಬೇಡ, ಸಿನಿಮಾವೂ ಬೇಡ, ನಿದ್ದೆ ಬಂದರೆ ಸಾಕು ಎನ್ನುವವರು ಇವಾವುದನ್ನೂ ಕೊಳ್ಳಬೇಕಾಗಿಲ್ಲ. ಔಷಧದ ಅಂಗಡಿಯಲ್ಲಿ ಕೆಲವೇ ಹತ್ತು ರೂಪಾಯಿಗಳಿಗೆ ಸಿಗುವ ಸ್ಪಂಜಿನ ಕಿವಿಬಿರಡೆಯನ್ನು ಬೆರಳಲ್ಲಿ ಹೊಸೆದು ತೆಳ್ಳಗೆ ಮಾಡಿ, ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೆಳೆದು ಒಳಗಿಟ್ಟು, ಅರೆನಿಮಿಷ ಬೆರಳಿನಿಂದ ಒತ್ತಿ ಹಿಡಿದರೆ ಅದು ಅರಳಿ ಕೂರುತ್ತದೆ.