ಗಣಕದ ಕಿಟಕಿಯೂ ನಮ್ಮ ಕಣ್ಣೂ

ನಲವತ್ತು ದಾಟಿದವರಿಗೆ ಹತ್ತಿರದ ಅಕ್ಷರಗಳು ಮಸುಕಾಗುವುದು ಸಹಜ. ಇದನ್ನೇ ನಾವು ಚಾಳೀಸು ಎನ್ನುತ್ತೇವೆ. ಆದರೆ ಗಣಕಯಂತ್ರದ ಮುಂದೆ ಕಣ್ಣಿಗೆ ಒದಗುವ ತೊಂದರೆಯೆಲ್ಲವೂ ಚಾಳೀಸಿನದೇ ಎಂದು ಭಾವಿಸುವುದು ತಪ್ಪು. ಈ ಮಾತನ್ನು ನಾನು ಸ್ವಾನುಭವದಿಂದ ಹೇಳುತ್ತಿದ್ದೇನೆ.

ಮನೆಯಲ್ಲಿದ್ದ ದೊಡ್ಡ ಪರದೆಯನ್ನು ಮಗಳ ಓದಿಗೆ ಬಿಟ್ಟುಕೊಟ್ಟು, ಬರಿಯ ಲ್ಯಾಪ್‌ಟಾಪಿನಲ್ಲಿ ಸಂಘದ ವರದಿಯನ್ನು ಬರೆಯತೊಡಗಿದೆ. ಬರವಣಿಗೆಯ ತಂತ್ರಾಂಶವನ್ನು ತೆರೆದಾಗಲೆಲ್ಲ ಅದರ ಕಿಟಕಿಯು ಬಲ ಅಂಚಿನಲ್ಲಿ ಒಂದು ಪಟ್ಟಿಯಷ್ಟೇ ಕಾಣುತ್ತಿತ್ತು, ಅಕ್ಷರಗಳೂ ಸಣ್ಣವು. ಮೂರು ವಾರ ಮುಂದಕ್ಕೆ ಬಾಗಿ ಬರೆದು ಕತ್ತುನೋವನ್ನು ತಂದುಕೊಂಡೆ. ಕನ್ನಡಕವನ್ನು ಬದಲಿಸಲು ಹೊರಟಾಗ, ದೋಷವಿದ್ದುದು ಕಿಟಕಿಯ ಅಳತೆಯಲ್ಲಿ ಎಂಬುದು ತಿಳಿಯಿತು.

ಇದರ ಕಾರಣ ಸರಳವಾದುದು. ಬ್ಯಾಂಕಿನಲ್ಲಿ ನಿನ್ನೆಯ ಅಂತಿಮ ಶಿಲ್ಕೇ ಇಂದಿನ ಆರಂಭ ಶಿಲ್ಕಾಗುವಂತೆ, ಅನೇಕ ತಂತ್ರಾಂಶಗಳು ಮುಚ್ಚುವಾಗಿನ ಕಿಟಕಿಯ ಸ್ಥಾನ ಮತ್ತು ಅಳತೆಗಳನ್ನು ಬರೆದಿಟ್ಟುಕೊಂಡು ಮರುದಿನ ಅದರಂತೆಯೇ ತೆರೆಯುತ್ತವೆ. ವಿಂಡೋಸಿನ ಹಳೆಯ ನೋಟ್‌ಪ್ಯಾಡು ಎಡದಿಂದ ದೂರ, ಮೇಲಿನಿಂದ ದೂರ, ಅಗಲ, ಎತ್ತರ ಎಂಬ ನಾಲ್ಕು ಸಂಖ್ಯೆಗಳನ್ನು ರಿಜಿಸ್ಟ್ರಿಯಲ್ಲಿ ಇಡುತ್ತಿತ್ತು. 1920 ಚುಕ್ಕೆ ಅಗಲದ ಪರದೆಯಲ್ಲಿ ಕಿಟಕಿಯು ಎಡದಿಂದ 1100ನೆಯ ಚುಕ್ಕೆಯಲ್ಲಿ ಆರಂಭವಾಗಿದ್ದರೆ, 1366 ಚುಕ್ಕೆಯ ಪರದೆಯಲ್ಲಿ ಅದರ 266 ಚುಕ್ಕೆಗಳಷ್ಟೇ ಕಾಣುತ್ತವೆ. ಪರದೆ ಬದಲಾಗಿದೆಯೇ ಎಂದು ಕೆಲವು ತಂತ್ರಾಂಶಗಳು ಪರಿಶೀಲಿಸುತ್ತವೆ, ಕೆಲವು ಪರಿಶೀಲಿಸುವುದಿಲ್ಲ. ಚಿಕ್ಕ ಪರದೆಯಲ್ಲಿ ಚುಕ್ಕೆಯೇ ಚಿಕ್ಕದಾಗಿದ್ದರೆ ಅಷ್ಟೇ ಚುಕ್ಕೆಗಳ ಅಕ್ಷರವೂ ಕುಗ್ಗುತ್ತದೆ. ಒತ್ತಕ್ಷರ, ಗುಣಿತಾಕ್ಷರಗಳುಳ್ಳ ನಮ್ಮ ಲಿಪಿಗೆ ಇದು ಹೆಚ್ಚು ಬಾಧಕ.

ಪರಿಹಾರವೂ ಸುಲಭ. ಕಿಟಕಿಯು ಪರದೆಯಿಂದಾಚೆ ಹೋಗಿದ್ದರೆ, ಕೆಳಗಿನ ಪಟ್ಟಿಯಲ್ಲಿ ಅದನ್ನು ಆರಿಸಿಕೊಂಡು ಆಲ್ಟ್ ಮತ್ತು ಸ್ಪೇಸ್ ಕೀಲಿಗಳನ್ನು ಒಟ್ಟಿಗೆ ಒತ್ತಿ, ಬಳಿಕ ಎಂ ಒತ್ತಿರಿ; ಬಾಣದ ಕೀಲಿಗಳಿಂದ ಒಳಕ್ಕೆ ಸರಿಸಿರಿ. ಅಂಚುಗಳನ್ನು ಎಳೆದು ಬೇಕಾದ ಅಳತೆಗೆ ತಂದು ಒಮ್ಮೆ ಮುಚ್ಚಿರಿ. ಸಾಮಾನ್ಯವಾಗಿ ಮರುಸಲ ಅದೇ ಅಳತೆಯಲ್ಲಿ ತೆರೆಯುತ್ತದೆ. ಕಿಟಕಿ ಹಿಗ್ಗಿದೊಡನೆ ಅಕ್ಷರ ಹಿಗ್ಗುವುದಿಲ್ಲವೆಂಬುದನ್ನು ಮರೆಯಬಾರದು. ಅದಕ್ಕೆ ಕಂಟ್ರೋಲ್ ಕೀಲಿಯೊಡನೆ ಅಧಿಕ ಚಿಹ್ನೆಯನ್ನು ಒತ್ತಬೇಕು, ಇಲ್ಲವೇ ಅಕ್ಷರದ ಗಾತ್ರವನ್ನು ಬದಲಿಸಬೇಕು.

ಪಾಂಡೇಸರಾದಂತಹ ಕೈಗಾರಿಕಾ ವಸಾಹತಿನಲ್ಲಿ ಗಿರಣಿಗಳ ಕಚೇರಿ, ಬ್ಯಾಂಕುಗಳಲ್ಲಿ ದಿನವೆಲ್ಲ ಪರದೆ ನೋಡುವವರು ಬಹಳ. ಪರದೆಯು ಸುಮಾರು ಒಂದು ತೋಳಿನಷ್ಟು ದೂರದಲ್ಲಿದ್ದು, ಅದರ ಮೇಲಂಚು ಕಣ್ಣಿನ ಮಟ್ಟಕ್ಕೆ ಅಥವಾ ತುಸು ಕೆಳಗೆ ಇರುವುದು ಒಳ್ಳೆಯದು. ಎರಡು ಭಾಗದ ಕನ್ನಡಕ ಧರಿಸುವವರು ಕೆಳಭಾಗದಿಂದ ನೋಡಲು ತಲೆಯನ್ನು ಹಿಂದಕ್ಕೆ ಬಾಗಿಸುತ್ತಾರಾದ್ದರಿಂದ ಅವರಿಗೆ ಪರದೆ ಇನ್ನಷ್ಟು ಕೆಳಗಿರಬೇಕು. ಪರದೆ ನೋಡುವಾಗ ರೆಪ್ಪೆ ಬಡಿಯುವುದು ಕಡಿಮೆಯಾಗಿ ಕಣ್ಣು ಒಣಗುತ್ತದೆ. 20 ನಿಮಿಷಕ್ಕೊಮ್ಮೆ 20 ಅಡಿ ದೂರದ ವಸ್ತುವನ್ನು 20 ಸೆಕೆಂಡು ನೋಡುವ ಅಭ್ಯಾಸ ಹಿತಕರ.

ಇಷ್ಟಾದರೂ ಮಸುಕು, ತಲೆನೋವು ಉಳಿದರೆ ನೇತ್ರವೈದ್ಯರನ್ನು ಕಾಣಲು ತಡಮಾಡಬಾರದು. ಕಿಟಕಿಯನ್ನು ನಾವು ಸರಿಪಡಿಸಬಹುದು. ಕಣ್ಣನ್ನು ಪರೀಕ್ಷಿಸಬೇಕಾದವರು ವೈದ್ಯರೇ. ಯಂತ್ರವು ನಮ್ಮ ಅಳತೆಗೆ ಹೊಂದಬೇಕೇ ಹೊರತು ಯಂತ್ರದ ಅಳತೆಗೆ ನಮ್ಮ ಕತ್ತು ಬಾಗಬೇಕಾಗಿಲ್ಲ.